ಮೈಸೂರು ಎಂಬ ತಂಡ

ಕಳೆದ ತಿಂಗಳು ರಜೆಗೆಂದು ಮಾಜಾಳಿಗೆ ಬಂದಿದ್ದ ಮೊಮ್ಮಗ ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದವನು ತಲೆಯೆತ್ತಿ ಕೇಳಿದ: "ಅಜ್ಜಾ, ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಮದ್ರಾಸು ಮತ್ತು ಮೈಸೂರು ಅಂತ ಇದೆ. ಆ ಮೈಸೂರು ತಂಡ ಈಗ ಎಲ್ಲಿದೆ?"

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಪಾಠ ಮಾಡಿದವನು ನಾನು. ಇಂಥ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಕೊಡುವುದು ಸುಲಭ. "ಅದೇ ಈಗಿನ ಕರ್ನಾಟಕ ತಂಡ" ಎಂದೆ. ಅವನಿಗೆ ಅಷ್ಟು ಸಾಕಾಯಿತು, ಮತ್ತೆ ಮೊಬೈಲಿಗೆ ಮರಳಿದ. ನನಗೆ ಮಾತ್ರ ಸಾಕಾಗಲಿಲ್ಲ. ಏಕೆಂದರೆ ಇದೇ ಜಗಲಿಯ ಮೇಲೆ ಕುಳಿತು ನನ್ನ ತಂದೆಯವರು ಅದೇ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟಿದ್ದರು. ಅದನ್ನು ಹೇಳುವ ಮುನ್ನ ಆ ತಂಡದ ಕಥೆಯನ್ನು ಓದುಗರ ಮುಂದಿಡುವುದು ಉಚಿತ.

1934ನೆಯ ಇಸವಿ ನವೆಂಬರ್ 4, ಭಾನುವಾರ. ಮದ್ರಾಸಿನ ಚೆಪಾಕ್ ಮೈದಾನ. ಹಿಂದಿನ ವರ್ಷ ತೀರಿಕೊಂಡಿದ್ದ ರಣಜಿತ್ ಸಿಂಹರ ಹೆಸರಿನಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರು ಕೊಟ್ಟ ಟ್ರೋಫಿಗಾಗಿ ದೇಶದಲ್ಲಿ ನಡೆದ ಮೊದಲ ಪಂದ್ಯ ಅದು. ಮೈಸೂರಿನಲ್ಲಿ ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿ ಒಂದು ವರ್ಷವಷ್ಟೇ ಆಗಿತ್ತು. ಮದ್ರಾಸಿನ ಎಂ. ಜೆ. ಗೋಪಾಲನ್ ಮೊದಲ ಎಸೆತವನ್ನು ಎಸೆದರು. ಅದನ್ನು ಎದುರಿಸಿದವರು ಮೈಸೂರಿನ ಎನ್. ಕರ್ಟಿಸ್. ಗೋಪಾಲನ್ ಸಾಮಾನ್ಯ ಆಟಗಾರರಲ್ಲ, ಕ್ರಿಕೆಟ್ಟು ಮತ್ತು ಹಾಕಿ ಎರಡರಲ್ಲೂ ಭಾರತವನ್ನು ಪ್ರತಿನಿಧಿಸಿದವರು.

ಆದರೆ ಆ ದಿನ ಮೈಸೂರಿನವರನ್ನು ಉರುಳಿಸಿದವರು ಎಡಗೈ ಸ್ಪಿನ್ನರ್ ಎ. ಜಿ. ರಾಮ್ ಸಿಂಗ್. ಮೈಸೂರು ಮೊದಲ ಇನ್ನಿಂಗ್ಸಿನಲ್ಲಿ 48 ರನ್ನಿಗೆ ಮುಗಿಯಿತು. ಮದ್ರಾಸು 130 ರನ್ ಮಾಡಿತು. ಮೈಸೂರು ಮತ್ತೆ ಆಡಲಿಳಿದು 59ಕ್ಕೆ ಮುಗಿಯಿತು. ಒಂದು ಇನ್ನಿಂಗ್ಸ್ ಮತ್ತು 23 ರನ್ನುಗಳ ಸೋಲು. ರಾಮ್ ಸಿಂಗ್ ಎರಡೂ ಸರದಿ ಸೇರಿ 35 ರನ್ನಿಗೆ 11 ವಿಕೆಟ್ ಕಿತ್ತಿದ್ದರು. ಹಲವು ದಿನಗಳಿಗೆಂದು ಗೊತ್ತುಮಾಡಿದ್ದ ಪಂದ್ಯ ಒಂದೇ ದಿನದಲ್ಲಿ, ಸೂರ್ಯ ಮುಳುಗುವ ಮೊದಲೇ ತೀರಿಹೋಯಿತು.

ಇನ್ನೂ ಒಂದು ಸಂಗತಿಯುಂಟು. ಆ ಕಾಲದಲ್ಲಿ ರಣಜಿ ಟ್ರೋಫಿಯಲ್ಲಿ ಸೋತವರು ಮನೆಗೆ ಹೋಗುವ ಪದ್ಧತಿಯಿತ್ತು. ವಲಯದ ಎಲ್ಲರ ಮೇಲೂ ಆಡುವ ಲೀಗ್ ಪದ್ಧತಿ ಬಂದದ್ದು 1957-58ರಲ್ಲಿ. ಆದ್ದರಿಂದ ಮೈಸೂರಿನ ಪಾಲಿಗೆ ಆ ವರ್ಷದ ಮೊದಲ ಪಂದ್ಯವೇ ಕೊನೆಯ ಪಂದ್ಯ. ಬೆಳಿಗ್ಗೆ ಉದ್ಘಾಟನೆ, ಸಂಜೆಗೆ ಸಮಾರೋಪ.

ಹೀಗೆ ಆರಂಭವಾದ ತಂಡ ಮುಂದೆ ಏಳು ವರ್ಷಗಳಲ್ಲಿ ಅಂತಿಮ ಪಂದ್ಯದ ತನಕ ಏರಿತೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ 1941-42ರ ಆ ಅಂತಿಮ ಪಂದ್ಯದಲ್ಲಿ ಎದುರಿಗಿದ್ದದ್ದು ಮುಂಬಯಿ. ಸೋಲು ಒಂದು ಇನ್ನಿಂಗ್ಸ್ ಮತ್ತು 281 ರನ್ನುಗಳಷ್ಟು ದೊಡ್ಡದು.

1945-46ರ ಸೆಮಿಫೈನಲ್ಲಿನಲ್ಲಿ ಇಂದೋರಿನ ಹೋಳ್ಕರ್ ತಂಡದ ಎದುರು ನಡೆದದ್ದಂತೂ ದಾಖಲೆಯ ಪುಸ್ತಕಗಳಲ್ಲಿ ಶಾಶ್ವತವಾಗಿ ಉಳಿದಿದೆ. ಹೋಳ್ಕರ್ 8 ವಿಕೆಟ್ಟಿಗೆ 912 ರನ್ ಹೊಡೆಯಿತು. ಸಿ. ಕೆ. ನಾಯುಡು ಅವರೂ ಸೇರಿ ಆರು ಮಂದಿ ಶತಕ ಬಾರಿಸಿದರು. ಮೈಸೂರಿನ ಬಿ. ಕೆ. ಗರುಡಾಚಾರ್ 301 ರನ್ ಕೊಟ್ಟು 4 ವಿಕೆಟ್ ಪಡೆದರು. ಒಂದು ಇನ್ನಿಂಗ್ಸಿನಲ್ಲಿ ಒಬ್ಬನೇ ಬೌಲರು ಮುನ್ನೂರಕ್ಕೂ ಹೆಚ್ಚು ರನ್ ಕೊಡುವುದೆಂದರೆ ಏನು, ಒಮ್ಮೆ ಯೋಚಿಸಿ. ಬಿಸಿಲಲ್ಲಿ ಗಂಟೆಗಟ್ಟಲೆ ಚೆಂಡೆಸೆದು ಸೋತ ತೋಳು ಅದು. ಬಳಿಕ ಮೈಸೂರು ಮೊದಲ ಸರದಿಯಲ್ಲಿ 190ಕ್ಕೆ ಮುಗಿಯಿತು. ಇಷ್ಟಕ್ಕೆ ನಿಲ್ಲಿಸಿದರೆ ಇದೊಂದು ನಗೆಪಾಟಲಿನ ಕಥೆ. ಆದರೆ ಎರಡನೆಯ ಸರದಿಯಲ್ಲಿ ಅದೇ ತಂಡ 6 ವಿಕೆಟ್ಟಿಗೆ 509 ರನ್ ಮಾಡಿತು. ಅದರಲ್ಲಿ 164 ರನ್ ಹೊಡೆದವರು ಅದೇ ಗರುಡಾಚಾರ್! ಪಂದ್ಯ ಕೈತಪ್ಪಿದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಅವರು ಆಡಿದರು. ಗರುಡಾಚಾರ್ 99 ವರ್ಷ ಬದುಕಿ 2016ರಲ್ಲಿ ತೀರಿಕೊಂಡರು. ತರಗತಿಯಲ್ಲಿ ಪರೀಕ್ಷೆಯಲ್ಲಿ ನಪಾಸಾದ ಹುಡುಗರಿಗೆ ನಾನು ಬುದ್ಧನ, ಬಸವಣ್ಣನ ಕಥೆಗಿಂತ ಗರುಡಾಚಾರರ ಕಥೆಯನ್ನೇ ಹೆಚ್ಚು ಸಲ ಹೇಳಿದ್ದೇನೆ.

ಇಷ್ಟು ಹೊತ್ತಿಗೆ ಓದುಗರಿಗೆ ಒಂದು ಸಂದೇಹ ಬಂದಿರಬಹುದು. ಮಾಜಾಳಿಯ ಮಾಸ್ತರನಿಗೂ ಮೈಸೂರಿನ ಕ್ರಿಕೆಟ್ಟಿಗೂ ಏನು ಸಂಬಂಧ? ಸಂಬಂಧ ಇರಲಿಲ್ಲ ಎಂಬುದೇ ಈ ಕಥೆಯ ಮುಖ್ಯ ಭಾಗ.

ನಮ್ಮ ಊರು ಕಾಳಿ ನದಿಯ ಉತ್ತರಕ್ಕೆ, ಸದಾಶಿವಗಡವನ್ನು ದಾಟಿ, ಗೋವೆಯ ಗಡಿಗೆ ಅಂಟಿಕೊಂಡಿರುವ ಊರು. ಟಿಪ್ಪುವಿನ ಪತನದ ನಂತರ ಕನ್ನಡ ಜಿಲ್ಲೆ ಬ್ರಿಟಿಷರ ಕೈಸೇರಿ ಮದ್ರಾಸು ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿಸಿದರು. ಅಂದರೆ ರಣಜಿ ಟ್ರೋಫಿಯ ಮೊದಲ ಪಂದ್ಯ ನಡೆದ ದಿನ ನಾವು ಮುಂಬಯಿಯವರು. ನಮ್ಮ ಮುತ್ತಜ್ಜಂದಿರು ಮದ್ರಾಸಿನವರು. ಮೈಸೂರು ನಮಗೆ ಘಟ್ಟದ ಮೇಲಿನ ಯಾವುದೋ ಮಹಾರಾಜರ ಊರು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾಗುವ ತನಕ ನಮ್ಮ ಮನೆಯಿಂದ ಉತ್ತರಕ್ಕೆ ನಡೆದರೆ ಸಿಗುತ್ತಿದ್ದುದು ಪೋರ್ತುಗಾಲ. ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ, ಹೊಟ್ಟೆಪಾಡಿನ ದಾರಿ ಮುಂಬಯಿಯದು.

ನನ್ನ ತಂದೆಯವರೂ ಆ ದಾರಿ ಹಿಡಿದವರೇ. ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ ಬಟ್ಟೆಯ ಗಿರಣಿಯೊಂದರಲ್ಲಿ ದುಡಿದರು. ಅಲ್ಲಿಯೇ ಕ್ರಿಕೆಟ್ಟಿನ ಹುಚ್ಚು ಹಿಡಿಯಿತು. ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣುಗಳಲ್ಲಿಯೇ ಬ್ರೆಬೋರ್ನ್ ಮೈದಾನಕ್ಕೆ ಹೋಗಿ ಅಗ್ಗದ ಟಿಕೇಟಿನಲ್ಲಿ ಕುಳಿತು ಬರುತ್ತಿದ್ದರಂತೆ. ವಿಜಯ ಮರ್ಚೆಂಟರ ಹೆಸರನ್ನು ದೇವರ ಹೆಸರಿನಂತೆ ಹೇಳುತ್ತಿದ್ದರು.

1959-60ರಲ್ಲಿ ಮೈಸೂರು ಎರಡನೆಯ ಬಾರಿ ಅಂತಿಮ ಪಂದ್ಯಕ್ಕೆ ಬಂದಿತು. ಮತ್ತೆ ಮುಂಬಯಿಯೇ ಎದುರಾಳಿ. ಈ ಬಾರಿ ಸೋಲು ಒಂದು ಇನ್ನಿಂಗ್ಸ್ ಮತ್ತು 22 ರನ್. ತಂದೆಯವರು ಆ ಪಂದ್ಯ ನೋಡಲು ಹೋಗಿದ್ದರು. ಮೈಸೂರಿನ ವಿಕೆಟ್ ಬಿದ್ದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರಂತೆ. ಪಕ್ಕದಲ್ಲಿದ್ದ ಗೃಹಸ್ಥರೊಬ್ಬರು ಮಾತಿಗೆ ಮಾತು ಬಂದು, ನಿಮ್ಮ ಊರು ಯಾವುದೆಂದು ಮರಾಠಿಯಲ್ಲಿ ಕೇಳಿದರು. ಕಾರವಾರ ಎಂದರು ತಂದೆ. ಆತ ಗಟ್ಟಿಯಾಗಿ ನಕ್ಕು, "ಹಾಗಾದರೆ ನೀವು ಮೈಸೂರಿನವರಲ್ಲವೇ? ಸೋಲುತ್ತಿರುವುದು ನಿಮ್ಮವರೇ!" ಎಂದರಂತೆ.

ತಂದೆಯವರು ಇದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಕಥೆಯ ಕೊನೆಗೆ ಅವರ ನಗು ಸ್ವಲ್ಪ ಬತ್ತುತ್ತಿತ್ತು. "ಆ ಮೇಲೆ ನನಗೆ ಕೈ ಎತ್ತಲಿಕ್ಕೆ ಆಗಲಿಲ್ಲ. ಯಾರಿಗೆ ಚಪ್ಪಾಳೆ ಹೊಡೆಯಬೇಕು ಅಂತ ಗೊತ್ತಾಗಲಿಲ್ಲ" ಎನ್ನುತ್ತಿದ್ದರು. ಮೂರೇ ವರ್ಷಗಳ ಹಿಂದೆ, ಅವರ ಅನುಮತಿ ಕೇಳದೆ, ನಕಾಶೆಯ ಗೆರೆಯೊಂದು ಸರಿದು ಅವರ ತಂಡವನ್ನೇ ಬದಲಾಯಿಸಿತ್ತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಕನ್ನಡದ ನೆಲ ಒಂದಾದದ್ದು ನನಗೆ ಇಂದಿಗೂ ಸಂತೋಷದ ವಿಷಯವೇ. ಆದರೆ ಗೆರೆ ಸರಿಯುವಷ್ಟು ಬೇಗ ಮನಸ್ಸು ಸರಿಯುವುದಿಲ್ಲ. ನಮ್ಮ ಪಾಠಪುಸ್ತಕಗಳು ಆ ಸಂಗತಿಯನ್ನು ಬರೆಯುವುದಿಲ್ಲ.

ನಮ್ಮ ಪೀಳಿಗೆಗೆ ಆ ತೊಂದರೆ ಇರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ತೆಂಗಿನ ಮಟ್ಟೆಯನ್ನು ಕೆತ್ತಿ ಬ್ಯಾಟು ಮಾಡಿಕೊಂಡು ಆಡುತ್ತಿದ್ದ ನಾವು ಹುಟ್ಟಿನಿಂದಲೇ ಎಂಬಂತೆ ಮೈಸೂರಿನವರು. ಎರ್ರಾಪಳ್ಳಿ ಪ್ರಸನ್ನ ನಮ್ಮವರು, ಪೋಲಿಯೋದಿಂದ ಸೊರಗಿದ ಕೈಯಿಂದಲೇ ಚೆಂಡು ತಿರುಗಿಸುತ್ತಿದ್ದ ಚಂದ್ರಶೇಖರ್ ನಮ್ಮವರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1967ರಲ್ಲಿ ಮೈಸೂರಿನ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಆಂಧ್ರದ ಮೇಲೆ 230 ರನ್ ಹೊಡೆದರು. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಉರುಳಿಸಿದಾಗ ನಾಯಕ ಮುಂಬಯಿಯ ವಾಡೇಕರ್, ಬೌಲರು ಮೈಸೂರಿನವರು. ಅಂದು ನಮ್ಮ ಮನೆಯಲ್ಲಿ ತಂದೆಗೂ ಮಗನಿಗೂ ಒಟ್ಟಿಗೆ ಹಬ್ಬ.

ಇನ್ನು ಕೊನೆಯ ಮಾತು. ಕೆಲವು ತಂಡಗಳಿಗೆ ಅಂತ್ಯವೆಂಬುದು ಸ್ಪಷ್ಟವಾಗಿ ಬರುತ್ತದೆ. ಮೈಸೂರಿನ ಮೇಲೆ 912 ಹೊಡೆದ ಆ ಹೋಳ್ಕರ್ ತಂಡವನ್ನೇ ನೋಡಿ. ನಾಲ್ಕು ಬಾರಿ ರಣಜಿ ಟ್ರೋಫಿ ಗೆದ್ದ ತಂಡ ಅದು. 1954-55ರಲ್ಲಿ ತನ್ನದೇ ಇಂದೋರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮದ್ರಾಸಿಗೆ 46 ರನ್ನುಗಳಿಂದ ಸೋತಿತು. ರಣಜಿ ಟ್ರೋಫಿಯಲ್ಲಿ ಆ ಹೆಸರಿನ ಕೊನೆಯ ಪಂದ್ಯ ಅದೇ. ಸಂಸ್ಥಾನ ಹೋಗಿತ್ತು, ತಂಡವೂ ಹೋಯಿತು.

ಮೈಸೂರಿಗೆ ಹಾಗಾಗಲಿಲ್ಲ. ಅದರ ಕೊನೆಯನ್ನು ಮೈದಾನದಲ್ಲಿ ಯಾರೂ ಬರೆಯಲಿಲ್ಲ, ವಿಧಾನಸೌಧದಲ್ಲಿ ಬರೆದರು. 1972ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ನಿರ್ಣಯವಾಯಿತು. 1972-73ರ ಋತುವೇ ಮೈಸೂರು ಎಂಬ ಹೆಸರಿನ ತಂಡದ ಕೊನೆಯ ಋತು. ಆ ವರ್ಷದ ಅಂತಿಮ ಪಂದ್ಯ ನಡೆದದ್ದು ಚೆಪಾಕಿನಲ್ಲಿ, ಮೈಸೂರು 1934ರಲ್ಲಿ ಒಂದೇ ದಿನದಲ್ಲಿ ಮುಗಿದುಹೋದ ಅದೇ ನೆಲದಲ್ಲಿ. ಆಡಿದವರು ಮುಂಬಯಿ ಮತ್ತು ತಮಿಳುನಾಡು. ಪದ್ಮಾಕರ್ ಶಿವಾಲ್ಕರ್ 16 ರನ್ನಿಗೆ 8 ವಿಕೆಟ್ ಪಡೆದ ಆ ಪಂದ್ಯ ಮೂರನೆಯ ದಿನದ ಮೊದಲ ಎಸೆತಕ್ಕೇ ಮುಗಿಯಿತು. ಅದು ಮುಂಬಯಿಗೆ ಸತತ 15ನೆಯ ಪ್ರಶಸ್ತಿ.

1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯ ಕರ್ನಾಟಕವಾಯಿತು. ತಂಡವೂ ಕರ್ನಾಟಕವಾಯಿತು. 1934ರಿಂದ 39 ಋತುಗಳ ಕಾಲ ಬದುಕಿದ ಹೆಸರು ಒಂದೇ ಒಂದು ಬಾರಿಯೂ ಟ್ರೋಫಿ ಗೆಲ್ಲದೆ ಮರೆಯಾಯಿತು.

ಮರುವರ್ಷವೇ, 1974ರ ಮಾರ್ಚಿನಲ್ಲಿ, ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಕರ್ನಾಟಕ ಮತ್ತು ಮುಂಬಯಿ ಎದುರೆದುರು ನಿಂತವು. ನಾನಾಗ ಕಾರವಾರದಲ್ಲಿ ಕಾಲೇಜು ಓದುತ್ತಿದ್ದೆ. ಕಾಳಿ ನದಿಗೆ ಆಗ ಸೇತುವೆ ಇರಲಿಲ್ಲ. ಸದಾಶಿವಗಡದಿಂದ ಕೋಡಿಬಾಗಕ್ಕೆ ಲಾಂಚಿನಲ್ಲಿ ದಾಟಬೇಕು. ಲಾಂಚಿನಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತವರ ಬಾಯಲ್ಲಿ ಆ ನಾಲ್ಕೈದು ದಿನ ಅದೊಂದೇ ಮಾತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಅರ್ಧ ಲಾಂಚು ಕರ್ನಾಟಕದ ಪರ, ಇನ್ನರ್ಧ ಮುಂಬಯಿಯ ಪರ. ಮನೆಮನೆಯಲ್ಲೂ ಮುಂಬಯಿಯಲ್ಲಿ ದುಡಿಯುವವರಿದ್ದ ಊರುಗಳಲ್ಲಿ ಅದು ಸಹಜವೇ ಆಗಿತ್ತು.

ನಮ್ಮ ಜಗಲಿಯ ಮೇಲೂ ಹಾಗೆಯೇ. ಗಿರಣಿಯಿಂದ ನಿವೃತ್ತರಾಗಿ ಊರಿಗೆ ಮರಳಿದ್ದ ತಂದೆಯವರು ರೇಡಿಯೋದ ಒಂದು ಬದಿಗೆ, ನಾನು ಇನ್ನೊಂದು ಬದಿಗೆ. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದ ಸುದ್ದಿ ಬಂದಾಗ ನಾನು ಕೂಗಿದೆ. ಆಯಿ ಒಳಗಿನಿಂದ, "ತಂದೆಯ ಎದುರಿಗೆ ಏನದು ಗಲಾಟೆ?" ಎಂದು ಗದರಿದರು. ವಾಡೇಕರ್ ಕಾಲು ಜಾರಿ ರನ್ ಔಟ್ ಆದರೆಂದು ತಿಳಿದಾಗ ತಂದೆಯವರು ಎದ್ದು ಹೋಗಿ ತೆಂಗಿನಮರಗಳಿಗೆ ನೀರು ಬಿಡತೊಡಗಿದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಗೆದ್ದಿತು. 15 ವರ್ಷಗಳ ಮುಂಬಯಿಯ ದೊರೆತನ ಮುಗಿಯಿತು. ಬಳಿಕ ಪ್ರಸನ್ನರ ನಾಯಕತ್ವದಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿಯನ್ನು ಮನೆಗೆ ತಂದರು.

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಚಹದಂಗಡಿಯಿಂದ ಕೇಳಿ ತಂದು ತಂದೆಯವರ ಮುಂದೆ ಹಿಡಿದೆ. ಹೆಸರು ಬದಲಾದ ಮೊದಲ ವರ್ಷವೇ ಗೆಲುವು. ಹೊಸ ಹೆಸರಿನ ಭಾಗ್ಯವೇ ಭಾಗ್ಯ ಎಂದು ಉತ್ಸಾಹದಿಂದ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಆಟಗಾರರ ಹೆಸರುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದರು. ನಂತರ ಕೊಂಕಣಿಯಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು: "ಇವರೆಲ್ಲ ಹೋದ ವರ್ಷ ಮೈಸೂರಿಗೆ ಆಡಿದವರೇ ಅಲ್ಲವೇನೋ? ಸೋತದ್ದೆಲ್ಲ ಮೈಸೂರಿನ ಲೆಕ್ಕಕ್ಕೆ, ಗೆದ್ದದ್ದು ಕರ್ನಾಟಕದ ಲೆಕ್ಕಕ್ಕೆ. ಆ ಮೈಸೂರು ಎಲ್ಲಿ ಹೋಯಿತು? ಅದಕ್ಕೆ ಹಾರ ಹಾಕುವವರು ಯಾರು?"

ಮುಂಬಯಿಯ ಅಭಿಮಾನಿಯೊಬ್ಬರ ಬಾಯಿಂದ ಆ ಮಾತು ಬಂದದ್ದಕ್ಕೆ ನಾನು ಆಗ ಆಶ್ಚರ್ಯಪಟ್ಟೆ. ಆತ ಬ್ರೆಬೋರ್ನಿನಲ್ಲಿ ಎತ್ತಲಾರದೆ ಕೆಳಗಿಳಿಸಿದ್ದ ಕೈಯನ್ನು ಹದಿನಾಲ್ಕು ವರ್ಷಗಳ ಬಳಿಕ ನಮ್ಮ ಜಗಲಿಯ ಮೇಲೆ ಎತ್ತಿದ್ದರೆಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ತಂದೆಯವರ ಮಾತಿನಲ್ಲಿ ಇತಿಹಾಸದ ಒಂದು ಸತ್ಯವಿತ್ತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಪಟೇಲ್, ಕಿರ್ಮಾನಿ ಎಲ್ಲರೂ ಮೈಸೂರಿನ ಹೆಸರಿನಲ್ಲೇ ಆಟ ಆರಂಭಿಸಿ ಪಳಗಿದವರು. ಹೆಸರು ಬದಲಾಗಿ ನಾಲ್ಕು ತಿಂಗಳಲ್ಲಿ ಯಾರ ಕೈಗೂ ಹೊಸ ಬಲ ಬರುವುದಿಲ್ಲ. 48ಕ್ಕೆ ಮುಗಿದವರು, 301 ರನ್ ಕೊಟ್ಟು ಮತ್ತೆ ಬ್ಯಾಟು ಹಿಡಿದವರು, ಎರಡು ಅಂತಿಮ ಪಂದ್ಯಗಳಲ್ಲಿ ಇನ್ನಿಂಗ್ಸಿನಿಂದ ಸೋತವರು ಹಾಕಿದ ಬುನಾದಿಯ ಮೇಲೆಯೇ 1974ರ ಗೆಲುವು ನಿಂತದ್ದು. 2014-15ರ ವೇಳೆಗೆ ಕರ್ನಾಟಕ ಎಂಟು ಬಾರಿ ರಣಜಿ ಟ್ರೋಫಿ ಗೆದ್ದಿತು. ಆ ಎಂಟರಲ್ಲಿ ಮೈಸೂರಿನ ಹೆಸರು ಎಲ್ಲಿಯೂ ಇಲ್ಲ.

ಹಾಗೆಂದು ಹೊಸ ಹೆಸರು ಬರಿಯ ಹೆಸರೆಂದೂ ನಾನು ಹೇಳಲಾರೆ. ಮೈಸೂರು ಎಂದಾಗ ಕಾರವಾರದವನು, ಬೀದರಿನವನು, ಬಳ್ಳಾರಿಯವನು ಸ್ವಲ್ಪ ಬಾಗಿಲ ಹೊರಗೇ ನಿಂತಂತೆ ಇತ್ತು. ಕರ್ನಾಟಕ ಎಂದಾಗ ಒಳಗೆ ಬಂದು ಕುಳಿತೆವು. ನನ್ನ ತಂದೆಯಂಥವರು ಕೂಡ, ತಡವಾಗಿಯಾದರೂ, ಬಂದು ಕುಳಿತರು.

ಈಗ ಹಿಂತಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನಮ್ಮ ಈ ಚಿಕ್ಕ ಊರನ್ನು ಒಂದೊಂದು ಕಾಲದಲ್ಲಿ ತಮ್ಮದೆಂದ ಮೂರು ಹೆಸರುಗಳು: ಮದ್ರಾಸು, ಬಾಂಬೆ, ಮೈಸೂರು. 1969ರಲ್ಲಿ ಮದ್ರಾಸು ರಾಜ್ಯ ತಮಿಳುನಾಡಾಯಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1995ರಲ್ಲಿ ಬಾಂಬೆ ನಗರ ಮುಂಬಯಿಯೆಂದೇ ಅಧಿಕೃತವಾಯಿತು. ಮೂರು ತಂಡಗಳ ಹಳೆಯ ಹೆಸರುಗಳೂ ಇಂದು ದಾಖಲೆಯ ಪುಟಗಳಲ್ಲಿ ಮಾತ್ರ ಇವೆ. ತಂದೆಯವರು ಅಷ್ಟು ಹೊತ್ತಿಗೆ ಇರಲಿಲ್ಲ. ಇದ್ದಿದ್ದರೆ ತಮ್ಮ ತಂಡದ ಹೆಸರೂ ಹೋಯಿತಲ್ಲ ಎಂದು ನಗುತ್ತಿದ್ದರೋ, ತೆಂಗಿನಮರಕ್ಕೆ ನೀರು ಬಿಡಲು ಏಳುತ್ತಿದ್ದರೋ ಹೇಳಲಾರೆ.

ಮೊಮ್ಮಗ ಊರಿಗೆ ಹೊರಡುವ ಮುನ್ನಾದಿನ ಅವನನ್ನು ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆ. ಕೊನೆಯ ತನಕ ಕೇಳಿ, "ಹಾಗಾದರೆ ಅಜ್ಜಾ, 48ಕ್ಕೆ ಆಲೌಟಾದದ್ದು ನಾವೇ?" ಎಂದ.

ಹೌದು ಮಗಾ, ನಾವೇ ಎಂದೆ.